ಐದನೆಯ ಕೈ

ಬೈಲಹೊಂಗಲದಲ್ಲಿ ನಾನು ಸಾಲೆ ಬಿಟ್ಟದ್ದು ೧೯೧೨ರಲ್ಲಿ. ಈಗಲೂ ನೀಲಿಯ ಗಡಿಗೆಯ ಮುಚ್ಚಳ ತೆಗೆದಾಗ ಹುಳಿತ ನಾತ ಮುಖಕ್ಕೆ ಹೊಡೆಯುತ್ತದೆ. ಆ ನಾತ ನನಗೆ ರೂಢಿ. ಅದರೊಡನೆ ಏಳುವ, ಸಾಲೆ ಬಿಡಿಸಿದ ಆ ಮಧ್ಯಾಹ್ನದ ನೆನಪು ಮಾತ್ರ ಇಂದಿಗೂ ರೂಢಿಯಾಗಿಲ್ಲ.

ನಮ್ಮದು ನೂಲಿಗೆ ನೀಲಿ ಬಣ್ಣ ಹಾಕುವ ಮನೆತನ. ಹದ ನೋಡಲು ಅಪ್ಪ ಗಡಿಗೆಯ ನೀರನ್ನು ನಾಲಿಗೆಗೆ ಹಚ್ಚುತ್ತಿದ್ದ. ನನ್ನ ಕೈಗಳೂ ಮೊಣಕೈವರೆಗೆ ನೀಲಿಯೇ.

ಹೊಸ ಮಾಸ್ತರರು ಅಂದು ಸ್ಪಿರಿಟ್ಟಿನ, ಅಂದರೆ ಮದ್ಯಸಾರದ, ಅಣುರಚನೆಯನ್ನು ಕರಿಹಲಗೆಯ ಮೇಲೆ ಗೆರೆ ಎಳೆದು ಬರೆದರು. "ಕಾರ್ಬನ್ನಿಗೆ ನಾಕ ಕೈ, ಹೈಡ್ರೋಜನ್ನಿಗೆ ಒಂದ. ಒಂದರ ಕೈ ಒಂದ ಹಿಡದಿರತಾವ" ಎಂದರು. ನಾಲ್ಕು ಎಳೆ ಕೂಡುವ ನೂಲಿನ ಗಂಟು ನನ್ನ ಕಣ್ಣಿಗೆ ಕಟ್ಟಿತು. ಕೈಗೊಂದರಂತೆ ಎಳೆದ ಗೆರೆಗಳನ್ನು ಎಣಿಸಿದೆ.

"ಮಾಸ್ತರ್ರೀ, ಎಡಗಡಿ ಕಾರ್ಬನ್ನಿಗೆ ಐದ ಕೈ ಬಿದ್ದಾವ್ರಿ."

ಅವರು ಹಲಗೆ ನೋಡಲಿಲ್ಲ. ನನ್ನ ಕೈ ನೋಡಿ ಮೂಗು ಮುಚ್ಚಿಕೊಂಡರು. "ಗಡಿಗಿ ನೀರ ನೆಕ್ಕೋ ಮಂದಿ ನನಗ ಕಲಿಸ್ತೀರೇನಲೇ? ಹೊರಗ ಕುಂಡ್ರು, ನಾರತಿ!"

ಹುಡುಗರೆಲ್ಲ ನಕ್ಕರು. ಕಿಟಕಿಯ ಕೆಳಗೆ ಕುಳಿತು ಇಣುಕಿದೆ. ಮಾಸ್ತರರು ಐದನೆಯ ಗೆರೆಯನ್ನು ತೋಳಿನಿಂದ ಮೆಲ್ಲಗೆ ಒರೆಸಿದರು. ಆಮೇಲೆ ಕಿಟಕಿಗೆ ಬಂದು ಬಾಯಿತುಂಬ ತಂಬಾಕು ಉಗುಳಿದರು. ಅದು ತೊಡೆಯ ಮೇಲಿದ್ದ ನನ್ನ ಬರೆಯುವ ಪಾಟಿಯ ಮೇಲೆ ಬಿದ್ದು ಬೆಚ್ಚಗೆ ಇಳಿಯಿತು.

ಮರುದಿನ ನಾನು ಹೋಗಲಿಲ್ಲ.

"ತಪ್ಪ ಯಾರದು?" ಅಪ್ಪ ಕೇಳಿದ.

"ಅವರದ."

"ಹಂಗಾದ್ರ ಸಾಲಿ ನೀ ಯಾಕ ಬಿಡ್ತಿ, ತಮ್ಮಾ?"

ನಾನು ನೂಲನ್ನು ಗಡಿಗೆಯಲ್ಲಿ ಅದ್ದಿದೆ.

ಈಗ ನನಗೆ ಒಂಬತ್ತು ಗಡಿಗೆ, ನಾಲ್ಕು ಆಳು, ಎರಡು ನೀಲಿ ಕೈ ಇವೆ; ಮಾಸ್ತರರು ಒರೆಸಿದ ಆ ಐದನೆಯ ಕೈ ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದೆ.