ಒಕ್ಕೊರಲ ಸ್ವಂತಿಕೆ

ಚಿನ್ನು ಎಡಗೈ ಎತ್ತಬೇಕಿತ್ತು. ಬಲಗೈ ಎತ್ತಿಬಿಟ್ಟಳು.

ಹಿಂದಿನ ದಿನವೇ ಎಲ್ಲ ಪಕ್ಕಾ ಆಗಿತ್ತು. ಪಾಂಡವಪುರದ ಆ ಹೈಸ್ಕೂಲಿನ ಒಂಬತ್ತನೇ ತರಗತಿಗೆ, ಅಲ್ಲಿ ಪಾಠ ಮಾಡಿ ತೋರಿಸುವ ಪರೀಕ್ಷೆಗೆ ಬಂದಿದ್ದ ಬಿ.ಎಡ್. ವಿದ್ಯಾರ್ಥಿನಿ ರಂಜಿತ ಹೇಳಿಕೊಟ್ಟಿದ್ದಳು: ಪ್ರಶ್ನೆ ಕೇಳಿದ ಕೂಡಲೇ ಎಲ್ಲರೂ ಕೈ ಎತ್ತಬೇಕು, ಉತ್ತರ ಬಾಯಿಪಾಠ ಆದವರು ಬಲಗೈ, ಆಗದವರು ಎಡಗೈ. ಹಿಂದೆ ಕೂತು ಅಂಕ ಹಾಕುವವರಿಗೆ ಕೈಗಳು ಕಂಡರೆ ಸಾಕು, ಯಾವ ಕೈ ಎಂದು ಯಾರು ನೋಡುತ್ತಾರೆ? ಇದು ರಂಜಿತಳ ಸಂಶೋಧನೆಯೇನಲ್ಲ. ಹೋದ ವರ್ಷದವರು ಹೀಗೇ ಪಾಸಾಗಿದ್ದರು, ಅದರ ಹಿಂದಿನವರೂ ಹೀಗೇ. ಈಗ ಪರೀಕ್ಷಕರಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂತಿರುವ ಶಿವಲಿಂಗಯ್ಯನವರೂ ತಮ್ಮ ಕಾಲದಲ್ಲಿ ಹೀಗೇ ಪಾಸಾಗಿದ್ದಿರಬೇಕು. ಅದಕ್ಕೇ ಅಷ್ಟು ನೆಮ್ಮದಿಯಾಗಿ ಕೂತಿದ್ದರು.

ತೊಂಬತ್ತಾರರ ಫೆಬ್ರವರಿ. ಬಿ.ಎಡ್. ಪಾಸಾದರೆ ಬೆಳ್ಳೂರಿನ ಒಂದು ಶಾಲೆಯಲ್ಲಿ ರಂಜಿತಳಿಗೆ ಕೆಲಸ ಗಟ್ಟಿ. ಈ ಪಾಠದಲ್ಲಿ ಬಿದ್ದರೆ ಬಿಂಡಿಗನವಿಲೆಯಲ್ಲಿ ಸೋದರಮಾವನ ಮಗ ಲೋಕೇಶ ಗಟ್ಟಿ. ಅವನು ಕೆಟ್ಟವನಲ್ಲ. ಆದರೆ ಅವಳನ್ನು ಒಂದು ಮಾತು ಕೇಳದೆ ಎಲ್ಲರೂ ಒಪ್ಪಿಬಿಟ್ಟಿದ್ದರು, ಅವನೂ ಸೇರಿದಂತೆ. ತನ್ನದು ಅಂತ ಒಂದು ದಾರಿ ಬೇಕೆಂದು ಹಟ ಹಿಡಿದೇ ಅವಳು ಕಾಲೇಜು ಸೇರಿದ್ದು. ಕಾಲೇಜು ಮೊದಲ ದಿನವೇ ಎಲ್ಲರಿಗೂ ಒಂದೇ ಕಂದು ಅಂಚಿನ ಸೀರೆ ಗೊತ್ತುಮಾಡಿತು.

ಪಾಠ ಒಂದು ಸಣ್ಣಕಥೆ. ಆಲೆಮನೆಯಲ್ಲಿ ಬಿಸಿ ಪಾಕವನ್ನು ಅಚ್ಚಿಗೆ ಹೊಯ್ಯುವಾಗ ಒಂದಿಷ್ಟು ಹೊರಗೆ ಬಿದ್ದು, ತನಗೆ ತೋಚಿದ ಆಕಾರದಲ್ಲಿ ಗಟ್ಟಿಯಾಗುತ್ತದೆ. ಮಾಲೀಕ ಅದನ್ನು ಅಚ್ಚಿನೊಳಕ್ಕೆ ತುರುಕಲು ನೋಡುತ್ತಾನೆ. ಅದು ಬಗ್ಗುವುದಿಲ್ಲ. ಅಲ್ಲಿಗೆ ಕಥೆ ಮುಗಿಯುತ್ತದೆ.

"ಅಚ್ಚಿನಿಂದ ಹೊರಗೆ ಬಿದ್ದ ಬೆಲ್ಲ ಯಾವುದರ ಸಂಕೇತ?" ರಂಜಿತ ಕೇಳಿದಳು. ಇಡೀ ತರಗತಿ ಕೈ ಎತ್ತಿತು. ಮೊದಲ ಬೆಂಚಿನ ಸಿದ್ದರಾಜುವಿನ ಹೆಸರು ಅವಳ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಶಿವಲಿಂಗಯ್ಯನವರೇ, "ಆ ಎರಡು ಜಡೆಯ ಹುಡುಗಿ ಹೇಳಲಿ" ಎಂದರು.

ಹುಡುಗಿಯರೆಲ್ಲ ಎರಡು ಜಡೆ ಹಾಕಿ, ನೀಲಿ ರಿಬ್ಬನ್ನು ಮೇಲಕ್ಕೆ ಮಡಚಿ ಕಟ್ಟಿದ್ದರು. ಯಾರು ಎಂದು ರಂಜಿತ ಲೆಕ್ಕ ಹಾಕುವುದರೊಳಗೆ, ಉತ್ತರ ಬಾಯಿಪಾಠವಾಗದ ಚಿನ್ನು ಬಲಗೈ ಎತ್ತಿಕೊಂಡೇ ಎದ್ದು ನಿಂತಾಗಿತ್ತು.

"ಅದು ಯಾವ್ದುರ್ ಸಂಕೇತನೂ ಅಲ್ಲ ಮಿಸ್. ನಮ್ ಆಲೆಮನೇಲಿ ಅಂಗ್ ಬಿದ್ದಿದ್ನ ನಮ್ಮಪ್ಪ ಗೋರ್ಕಂಡು ತಿರ್ಗಾ ಕೊಪ್ಪರಿಗೆಗೇ ಹಾಕ್ಬುಡ್ತದೆ. ನಾಳಿಕ್ಕೆ ಅದೂ ಅಚ್ಚಾಯ್ತದೆ. ಕತೆ ಬರ್ದೋರು ಅರ್ಧಕ್ಕೇ ಎದ್ದೋಗ್ಬುಟ್ಟವ್ರೆ ಅನ್ಸ್ತದೆ."

ಎತ್ತಿದ ಕೈಗಳು ಹಾಗೇ ನಿಂತವು. ನಾಳೆಯ ಸರದಿಗೆಂದು ನೋಡಲು ಬಂದಿದ್ದ ಗೆಳತಿ ಮೇಘನ ಬಾಗಿಲ ಬಳಿ ತಲೆ ತಗ್ಗಿಸಿದಳು. ಶಿವಲಿಂಗಯ್ಯನವರ ಪೆನ್ನು ನಿಂತಿತು. ಪೆನ್ನು ನಿಂತರೆ ಪರೀಕ್ಷಕರು ಯೋಚನೆ ಮಾಡುತ್ತಿದ್ದಾರೆಂದು ಅರ್ಥ. ಪರೀಕ್ಷಕರು ಯೋಚನೆಗೆ ಇಳಿದರೆ ಒಳ್ಳೆಯದಾಗುವುದಿಲ್ಲ ಎಂದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು.

"ಏನಮ್ಮಾ, ಈ ಉತ್ತರ ಸರಿಯೇ?"

ರಂಜಿತಳಿಗೆ ಚಿನ್ನುವನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕು ಅನ್ನಿಸಿತು. ಅರ್ಧ ಗಂಟೆಯಿಂದ ಸ್ವಂತಿಕೆ, ಸ್ವಂತಿಕೆ ಎಂದು ಒದರುತ್ತಿದ್ದ ಆ ಕೋಣೆಯಲ್ಲಿ ಯಾರೋ ಒಬ್ಬರು ಸ್ವಂತವಾಗಿ ಬಾಯಿ ತೆರೆದದ್ದು ಇದೇ ಮೊದಲು. ಆ ಕಥೆಯನ್ನು ಮೊದಲ ಸಲ ಓದಿದಾಗ ಆಮೇಲೇನಾಯಿತು ಎಂದು ತನಗೂ ಅನುಮಾನ ಬಂದಿತ್ತಲ್ಲ, ಅದನ್ನು ಹೇಳಿಬಿಡಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದು ಒಂದು ಗಳಿಗೆ. ಆಮೇಲೆ ಲೋಕೇಶ ನೆನಪಾದ.

"ತಪ್ಪು ಸಾರ್" ಎಂದಳು. "ಚಿನ್ನು, ಸ್ವಂತಿಕೆ ಅಂದ್ರೇನು ಅಂತ ಎಲ್ಲರೂ ಹೇಳ್ತಾರೆ, ಸರಿಯಾಗಿ ಕೇಳಿಸ್ಕೊ."

"ಅಚ್ಚಿಗೆ ಒಗ್ಗದ ಬೆಲ್ಲವು ವ್ಯಕ್ತಿಯ ಸ್ವಂತಿಕೆಯ ಸಂಕೇತ! ಅಚ್ಚು ಸಮಾಜದ ಸಂಕೇತ!" ತರಗತಿ ಒಂದೇ ಉಸಿರಿನಲ್ಲಿ ಕೂಗಿತು. ಪಕ್ಕದ ಕೋಣೆಯ ಮಗ್ಗಿ ನಿಂತುಹೋಯಿತು.

"ಈಗ ನೀನು ಹೇಳು. ಎಲ್ಲರ ಥರಾನೇ."

ಚಿನ್ನು ಹೇಳಿದಳು. ಎಲ್ಲರ ಥರಾನೇ ಹೇಳಿದಳು. 'ಸಂಕೇತ' ಎನ್ನುವಲ್ಲಿ ಎಲ್ಲರೂ ಎಳೆದಷ್ಟೇ ಎಳೆದಳು.

ಗಂಟೆ ಹೊಡೆದ ಮೇಲೆ ಶಿವಲಿಂಗಯ್ಯನವರು ರಂಜಿತಳನ್ನು ಕರೆದರು. ಮುಖದಲ್ಲಿ ಸಂತೋಷವಿತ್ತು. "ಒಂದು ಮಗು ದಾರಿ ತಪ್ಪಿತ್ತು, ತಂದು ಸೇರಿಸಿದಿರಿ. ಸ್ವಂತಿಕೆ ಅನ್ನೋದು ಮಕ್ಕಳಿಗೆ ಎಷ್ಟು ಮನದಟ್ಟಾಗಿದೆ ನೋಡಿ, ಒಬ್ಬರೂ ಒಂದಕ್ಷರ ಆಚೀಚೆ ಮಾಡಲಿಲ್ಲ. ಪಾಸು ಅಂತಿಟ್ಟುಕೊಳ್ಳಿ. ಸೀರೆಯ ಅಂಚು ಮಾತ್ರ ಕಾಲೇಜಿನ ಕಂದಿಗಿಂತ ಚೂರು ಗಾಢವಾಯಿತು. ಮುಂದೆ ಗಮನ ಇರಲಿ."

ಹೊರಗೆ ಜಗಲಿಯ ಮೇಲೆ ಚಿನ್ನು ಕಾಯುತ್ತಿದ್ದಳು. ರಂಜಿತ ಕಣ್ಣು ತಪ್ಪಿಸಿಕೊಂಡು ಹೋಗಲು ನೋಡಿದಳು, ಆಗಲಿಲ್ಲ.

"ಮಿಸ್, ಪಾಸಾದ್ರಾ?"

"ಊಂ ಕಣೇ. ನಿನ್ ಬಾಯಿಂದ ನನ್ ಪಾಸು ಹೋಗೇ ಬುಡ್ತಿತ್ತು."

"ಆಯ್ತಲ್ಲ, ಬುಡಿ. ಅಂಗಾರೆ ನಾಳಿಂದ ನಮ್ಗನ್ಸಿದ್ನ ಹೇಳ್ಬೋದಾ?"

"ನಾಳೆ ಮೇಘನ ಮಿಸ್ ಪರೀಕ್ಷೆ ಐತೆ. ಇದೇ ಕ್ಲಾಸು, ಇದೇ ಪಾಠ."

"ನಾಡಿದ್ದು?"

ರಂಜಿತ ತನಗೇ ಗೊತ್ತಿಲ್ಲದೆ ಚಿನ್ನುವಿನ ಒಂದು ಕಡೆ ಜಾರಿದ್ದ ರಿಬ್ಬನ್ನನ್ನು ಇನ್ನೊಂದರ ಮಟ್ಟಕ್ಕೆ ಎಳೆದು ಕಟ್ಟಿದಳು.

"ನಾಡಿದ್ದಿಂದ ನಿಮ್ದೇ ಪರೀಕ್ಷೆ ಅಲ್ವೇನೇ."