ಕಾಕಾನ ಕಡ್ಡಿಪೆಟ್ಟಿಗೆ

ಕಡ್ಡಿಪೆಟ್ಟಿಗೆಯ ಮದ್ದಿನ ವಾಸನೆ ಬಂದರೆ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಅಂದು ಮಧ್ಯಾಹ್ನ ಖಾನಾಪುರದ ಅತ್ತೆಯ ಮನೆಗೆ ಊಟಕ್ಕೆ ಹೊರಟಿದ್ದೆವು. ಪೀರನವಾಡಿ ದಾಟುತ್ತಲೇ ನಮ್ಮ ಹಳೆಯ ಕಾರು ಕೆಮ್ಮಿ ನಿಂತಿತು. ಅಪ್ಪ, ಕಾಕಾ ಬಾನೆಟ್ ಎತ್ತಿ ನೋಡಿ, ಬೆಳಗಾವಿಯಿಂದ ಮಿಸ್ತ್ರಿಯನ್ನು ಕರೆತರುವ ಮಾತಾಡಿದರು. ಮಿಸ್ತ್ರಿ ಕಾರು ರಿಪೇರಿಗೆ ಮನೆಗೆ ಬಂದಾಗಲೆಲ್ಲ ಚಹಾ ಕೊಟ್ಟು ಅಲ್ಲೇ ನಿಂತು ನೋಡುತ್ತಿದ್ದ ಅವ್ವ, ಸೆರಗು ಸಿಕ್ಕಿಸಿ ಇಳಿದಳು.

"ವೈನಿ, ನೀವು ಒಳಗ ಕುಂದರ್ರಿ. ಇದೇನ್ ಒಲಿ ಅಲ್ಲ," ಎಂದು ಕಾಕಾ ಅತ್ತಿಗೆಯನ್ನು ತಡೆದ.

ಅವ್ವ ಕಪ್ಪು ಮುಚ್ಚಳ ಬಿಚ್ಚಿ, ಕಿಡಿ ಹಾರಿಸುವ ಪಾಯಿಂಟ್ ತೋರಿಸಿದಳು. "ಮಸಿ ಹಿಡದೈತಿ, ತಿಕ್ಕಬೇಕು. ನಿಮ್ಮ ಕಿಸೆದಾಗಿನ ಕಡ್ಡಿಪೆಟ್ಟಿಗಿ ಕೊಡ್ರಿ."

ಅಣ್ಣನಾದ ಅಪ್ಪನ ಎದುರು ಕಾಕಾ ಎಂದೂ ಸಿಗರೇಟು ಸೇದಿದವನಲ್ಲ. "ನನ್ನ ಕಡೆ ಎಲ್ಲಿಂದ ಬರಬೇಕು ವೈನಿ?" ಎಂದ.

ಅವ್ವ ಚಾಚಿದ ಕೈ ಹಿಂದೆಗೆಯಲಿಲ್ಲ. ಅಪ್ಪ ರಸ್ತೆಯ ಕಡೆ ಮುಖ ತಿರುಗಿಸಿದ. ಪೆಟ್ಟಿಗೆ ಹೊರಬಂತು.

ಅದರ ಒರಟು ಬದಿಯಿಂದ ಅವಳು ಪಾಯಿಂಟ್ ತಿಕ್ಕಿದಳು. ಮದ್ದಿನ ವಾಸನೆ ಪೆಟ್ರೋಲಿನ ವಾಸನೆಯೊಳಗೆ ಬೆರೆಯಿತು. ಅಪ್ಪ ಕೀಲಿ ತಿರುಗಿಸಿದೊಡನೆ ಗಾಡಿ ಚಾಲೂ ಆಯಿತು.

ಕಾಕಾ ಪೆಟ್ಟಿಗೆಗೆ ಕೈಯೊಡ್ಡಿದ. ಅವ್ವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನು ಕೂತಿದ್ದ ಮುಂದಿನ ಸೀಟಿನಲ್ಲಿ ಹೋಗಿ ಕುಳಿತಳು.

"ಇರ್ಲಿ ಬಿಡ್ರಿ," ಎಂದಳು. "ಒಲಿ ಹಚ್ಚಾಕ ಬೇಕು."