ಬಸಲಿಂಗಮ್ಮನ ಐದು ಲೆನ್ಸುಗಳು

ಕೈಯಲ್ಲಿರುವ ಚಹಾ ಆರಿದರೂ ಪರವಾಗಿಲ್ಲ, ಇದನ್ನೊಮ್ಮೆ ಪೂರ್ತಿ ಓದಿ...

ಹುಬ್ಬಳ್ಳಿಯಲ್ಲೊಂದು ದೊಡ್ಡ ಕ್ಯಾಮೆರಾ ಅಂಗಡಿ. ಗೋಡೆ ತುಂಬ ದೊಡ್ಡ ಕಂಪನಿಗಳ ಡಿಎಸ್‌ಎಲ್‌ಆರ್ ಡಿಜಿಟಲ್ ಕ್ಯಾಮೆರಾಗಳು.

ಮೂಲೆಯ ಮೇಜಿನ ಮೇಲೆ ಮಾತ್ರ ಒಂದು ಸಣ್ಣ ಕಂಪನಿಯ ಮೂರೇ ಮೂರು ಕ್ಯಾಮೆರಾ. ಅವನ್ನು ಮಾರಲು ನಿಂತವನು ಪ್ರಸನ್ನ ಕಟ್ಟಿಮನಿ.

ಎರಡು ತಿಂಗಳಿಂದ ಒಂದೂ ಹೋಗಿರಲಿಲ್ಲ...

"ಬೆಲೆ ಕಡಿಮೆ ಅಂತ ಹೇಳು" ಎಂದು ಮ್ಯಾನೇಜರ್ ಒಮ್ಮೆ ಹೇಳುತ್ತಿದ್ದರು. "ಮೆಗಾಪಿಕ್ಸೆಲ್ ಬಗ್ಗೆ ಹೇಳು" ಎಂದು ಇನ್ನೊಮ್ಮೆ. ಎರಡರಲ್ಲೂ ದೊಡ್ಡ ಕಂಪನಿಗಳೇ ಮುಂದೆ!

ಮತ್ತೆ ತಾನು ಏನು ಹೇಳಿ ಮಾರಬೇಕು? ಈ ಕೆಲಸದಲ್ಲಿ ಇರಬೇಕೋ, ಬಿಡಬೇಕೋ? ಅವನಿಗೆ ತಲೆಬುಡ ತಿಳಿಯುತ್ತಿರಲಿಲ್ಲ...

ಒಂದು ಮಧ್ಯಾಹ್ನ ಬಸಲಿಂಗಮ್ಮ ಎಂಬ ಹಿರಿಯ ಹೆಂಗಸು ಬಂದರು. ಗದಗದಲ್ಲಿ ಇಪ್ಪತ್ತೆಂಟು ವರ್ಷ ಫೋಟೊ ಸ್ಟುಡಿಯೋ ನಡೆಸಿದವರು. ಕೈಚೀಲದಲ್ಲಿ ಐದು ಹಳೇ ಲೆನ್ಸು, ಕೂಸನ್ನು ಸುತ್ತಿದಂತೆ ಬಟ್ಟೆಯಲ್ಲಿ ಸುತ್ತಿದ್ದರು.

ಎದುರಿನ ದೊಡ್ಡ ಕಂಪನಿಯ ಕೌಂಟರಿನವನು ನೋಡಿ ನಕ್ಕ. "ಅಮ್ಮಾರ, ಇವು ಡಿಜಿಟಲ್‌ಗೆ ಕೂಡಂಗಿಲ್ರಿ. ಶೋಕೇಸಿನ್ಯಾಗ ಇಡ್ರಿ."

ಅವರು ಪ್ರಸನ್ನನ ಮೇಜಿಗೆ ಬಂದರು. ಅವನು ಮೆಗಾಪಿಕ್ಸೆಲ್ ಪಾಠ ಶುರು ಮಾಡಿದ.

"ತಮ್ಮಾ, ನಾ ತೊಗೊಳ್ಳಾಕ ಬಂದಿಲ್ಲ. ಇವನ್ನ ಮಾರಾಕ ಬಂದೀನಿ. ರೀಲಿನ ಕಾಲ ಮುಗೀತು. ಸ್ಟುಡಿಯೋದಾಗ ಈಗ ಝೆರಾಕ್ಸ್ ಮಾಡ್ತೀನಿ. ಇವು ಕಣ್ಣಮುಂದಿದ್ರ ಸಂಕಟ ಆಗ್ತೈತಿ..."

ಮಾರಲು ನಿಂತವನ ಮುಂದೆ ಮಾರಲು ಬಂದವರು! ಪ್ರಸನ್ನನ ಗೊಂದಲ ಇನ್ನಷ್ಟು ಹೆಚ್ಚಾಯಿತು. ಏನೂ ತೋಚದೆ ಒಂದು ಲೆನ್ಸು ಎತ್ತಿಕೊಂಡ.

ಅದರ ಹಿಂದಿನ ಬಳೆ ತನ್ನ ಕ್ಯಾಮೆರಾದ ಬಾಯಿಗೆ ಸರಿಹೊಂದುವ ಹಾಗಿದೆಯಲ್ಲ! ಸುಮ್ಮನೆ ಇಟ್ಟು ತಿರುಗಿಸಿದ...

'ಟಿಕ್' ಎಂದು ಕೂತುಬಿಟ್ಟಿತು.

ಅವನು ಗಡಿಬಿಡಿಯಲ್ಲಿ ಕಂಪನಿಯ ಪುಸ್ತಕ ಬಿಡಿಸಿದ. ಸಣ್ಣ ಅಕ್ಷರಗಳಲ್ಲಿ ಬರೆದಿತ್ತು... ಇದೇ ಬಳೆಯ ಹಳೆಯ ಲೆನ್ಸುಗಳೂ ಹೊಂದುತ್ತವೆ, ಫೋಕಸ್ ಮಾತ್ರ ಕೈಯಿಂದ ಮಾಡಬೇಕು.

ಕೆಲಸಕ್ಕೆ ಸೇರಿ ಎರಡು ವರ್ಷವಾದರೂ ಅವನು ಅದನ್ನು ಓದಿಯೇ ಇರಲಿಲ್ಲ!

"ಫೋಕಸ್ ಕೈಲೇ ಮಾಡ್ಬೇಕ್ರಿ ಅಮ್ಮಾರ..." ಎಂದ ಅಳುಕುತ್ತ.

"ಇಷ್ಟು ವರ್ಷ ಮತ್ತೇನು ಕಾಲಿಲೆ ಮಾಡೀನೇನು?"

ಅವರು ಕ್ಯಾಮೆರಾಕ್ಕೆ ಕಣ್ಣಿಟ್ಟರು. ಬೆರಳು ತಾನಾಗಿಯೇ ಲೆನ್ಸಿನ ಮುಂದಿನ ಫೋಕಸ್ ಬಳೆ ತಿರುಗಿಸಿತು. ಕ್ಲಿಕ್!

ಪರದೆಯ ಮೇಲೆ ಪ್ರಸನ್ನನ ಮುಖ... ಹುಬ್ಬಿನ ಒಂದೊಂದು ಕೂದಲೂ ಸ್ಪಷ್ಟ.

ಬಸಲಿಂಗಮ್ಮ ನೋಡುತ್ತಲೇ ನಿಂತರು. ಕಣ್ಣೀರು ಕೆನ್ನೆಗಿಳಿಯಿತು. "ಇವು ಸತ್ತಾವ ಅಂದ್ಕೊಂಡಿದ್ದೆ ತಮ್ಮಾ... ನಾನೂ ಸತ್ತಂಗ ಇದ್ದೆ."

ಲೆನ್ಸು ಮಾರಲು ಬಂದವರು ಕ್ಯಾಮೆರಾ ಕೊಂಡು ಹೋದರು. ಮರುತಿಂಗಳೇ ಶಾಲೆಯೊಂದರ ಗ್ರೂಪ್ ಫೋಟೊ ತೆಗೆದು ಅವನಿಗೆ ಕಳಿಸಿದರು.

ಪ್ರಸನ್ನ ಕೆಲಸ ಬಿಡಲಿಲ್ಲ. ಭಾನುವಾರ ಬಂದರೆ ಕೊಪ್ಪಳ, ಬಾಗಲಕೋಟೆ ಎಂದು ಬಸ್ಸು ಹತ್ತಿ, ಬಾಗಿಲು ಹಾಕಿದ ಸ್ಟುಡಿಯೋಗಳ ಮಾಲೀಕರನ್ನು ಹುಡುಕಿ ಹೋಗುತ್ತಿದ್ದ. ಕೇಳುತ್ತಿದ್ದುದು ಒಂದೇ: "ನಿಮ್ಮ ಕಡೆ ಹಳೇ ಲೆನ್ಸ್ ಅದಾವೇನ್ರಿ?"

ಆ ವರ್ಷ ಹನ್ನೊಂದು ಕ್ಯಾಮೆರಾ ಹೋದವು. ದೊಡ್ಡ ಕಂಪನಿಗಳಿಗೆ ಅದು ಗೊತ್ತೂ ಆಗಲಿಲ್ಲ.

"ಇದು ಕಾಂಪಿಟೇಶನ್ನೋ, ಸಮಾಜಸೇವೆಯೋ?" ಎಂದರು ಮ್ಯಾನೇಜರ್.

ಪ್ರಸನ್ನ ತಲೆ ಕೆರೆದುಕೊಂಡ. "ನನಗೂ ತಿಳೀವಲ್ದು ಸರ್... ಆದ್ರ ಜನ ಫೋನ್ ಮಾಡ್ಲಿಕ್ಕತ್ತಾರ್ರಿ."

ದೊಡ್ಡವರನ್ನು ಸೋಲಿಸಲು ಹೊರಡುವ ಮೊದಲು, ಅವರು ಬೇಡವೆಂದು ಕಳಿಸಿದವರನ್ನು ಕೂರಿಸಿ ಮಾತಾಡಿಸಿ.

ಇವತ್ತು ನಿಮ್ಮ ಮುಂದೆ ಬಂದು ನಿಂತವರ ಮಾತನ್ನು ನೀವು ಪೂರ್ತಿ ಕೇಳಿದಿರಾ...?